ಐಸುಮ್ಮನ ಹಲಸು

ವಿಷು ಹಬ್ಬ ಕಳೆದ ಮೂರನೆಯ ದಿನ, ಮನೆಯವರೆಲ್ಲ ಮಧ್ಯಾಹ್ನದ ಗಂಜಿಗೆ ಕೂತಿದ್ದಾಗ, ಹಿತ್ತಲಿನ ಚಪ್ಪರದ ಕಡೆಯಿಂದ ಟಪ್ ಎಂದು ಸದ್ದಾಯಿತು. ಸುಗತನ್ ಕೈಯಲ್ಲಿದ್ದ ಹಪ್ಪಳ ಬಿಟ್ಟು ಎದ್ದು ಓಡಿದ. ಅವನ ಅಪ್ಪ ಕಂಡಮುತ್ತನ್ ಮಾತ್ರ ತಲೆ ಎತ್ತದೆ ಹುರುಳಿಯ ಪಲ್ಯಕ್ಕೆ ಕೈ ಹಾಕುತ್ತ, "ಎರಡನೆಯದೂ ಹೋಯ್ತು" ಎಂದ.

ಹೋದದ್ದು ಚೆಂಡೆಯ ಒಡಲು. ಪೊಳ್ಳಾಚಿಯ ಮರದ ಡಿಪೋದಿಂದ ಲಾರಿ ಮಾಡಿ ತರಿಸಿದ ಹಲಸಿನ ದಿಮ್ಮಿಯನ್ನು ತುಂಡು ಮಾಡಿ, ಒಳಗೆಲ್ಲ ಕೊರೆದು, ನೆರಳಿನಲ್ಲಿ ಒಣಗಲು ನಿಲ್ಲಿಸಿದ್ದರು. ಮೊದಲನೆಯದು ಹಿಂದಿನ ದಿನ ಬಿರಿದಿತ್ತು. ಈಗ ಇದು, ಮೇಲಿನಿಂದ ಕೆಳಗಿನವರೆಗೆ ಬೆರಳು ತೂರುವಷ್ಟು.

ಸುಗತನ್ ಮುಖ ಇಳಿಬಿಟ್ಟುಕೊಂಡು ಬಂದು ಕೂತ. "ನೋಡದೆ ಹೇಗೆ ಹೇಳಿದೆಯಪ್ಪಾ?"

"ನೋಡೋದೇನು? ಒಂದೇ ತಾಯಿ ಮಕ್ಕಳು. ಅಣ್ಣನಿಗಿಲ್ಲದ ಬುದ್ಧಿ ತಮ್ಮನಿಗೆ ಎಲ್ಲಿಂದ ಬರುತ್ತೆ?"

"ಡಿಪೋದವನು ಬಕ್ಕೆ ಹಲಸು ಅಂತಲೇ ಕೊಟ್ಟ."

"ಹಣ್ಣು ಕೊಟ್ಟನಾ?"

"ದಿಮ್ಮೀಲಿ ಹಣ್ಣು ಎಲ್ಲಿರುತ್ತಪ್ಪಾ!"

"ಅದಕ್ಕೇ ಹೇಳೋದು. ಹುಡುಗೀನ ನೋಡದೆ ತಾಳಿ ಕಟ್ಟಿದ್ದೀಯ. ಈಗ ಅಳು."

ಹದಿನೇಳರ ಮಗಳು ಅನಘಾಳಿಗೆ ನಗು ತಡೆಯಲಿಲ್ಲ. "ಅಜ್ಜಾ, ನೀನು ಅಜ್ಜೀನ ಮದುವೆಗೆ ಮುಂಚೆ ನೋಡಿದ್ಯಾ?"

"ನಿಮ್ಮಜ್ಜಿ ಮನೆ ಹಲಸಿನಮರ ನೋಡಿದ್ದೆ. ಅಷ್ಟು ಸಾಕಾಗಿತ್ತು."

ಸುಗತನ್‌ನ ಹೆಂಡತಿ ಶೋಭನಾ ನಗುತ್ತಲೇ ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿದಳು. ಆದರೆ ಮನಸ್ಸಿನಲ್ಲೇ ಮುಂಗಡದ ಲೆಕ್ಕ ಹಾಕುತ್ತಿದ್ದಳು. ಆಲತ್ತೂರಿನ ಕಡೆಯ ಹೆಣ್ಣುಮಕ್ಕಳ ಮೇಳವೊಂದು ಎಂಟು ಚೆಂಡೆಗೆ ಮುಂಗಡ ಕೊಟ್ಟಿತ್ತು. ಓಣಂ ಹಬ್ಬಕ್ಕೆ ಅವರು ಮೊದಲ ಸಲ ಬಾರಿಸಬೇಕು. ಮುಂಗಡದ ಅರ್ಧ ಆಗಲೇ ಪೊಳ್ಳಾಚಿ ಲಾರಿಯ ಜೊತೆ ಹೋಗಿತ್ತು.

ಪಾಲಕ್ಕಾಡಿನ ಆ ಬೀದಿಯಲ್ಲಿ ಚೆಂಡೆ ಕಟ್ಟುವ ಹನ್ನೊಂದು ಮನೆಗಳಿವೆ. ಹನ್ನೊಂದು ಮನೆಯ ಮಕ್ಕಳಿಗೂ ಅಕ್ಷರಕ್ಕಿಂತ ಮೊದಲು ಗೊತ್ತಾಗುವ ವಿಷಯ ಒಂದೇ: ಹಲಸಿನಲ್ಲಿ ಎರಡು ಜಾತಿ. ತೊಳೆ ಗಟ್ಟಿಯಾಗಿ, ಕಚ್ಚಿದರೆ ಕಟಕ್ಕೆನ್ನುವುದು ಬಕ್ಕೆ. ಬಾಯಲ್ಲಿ ಜಾರಿ ಗಂಟಲಿಗೆ ಇಳಿಯುವುದು ಅಂಬಲಿ. ಹಣ್ಣಿನ ಹಾಗೆಯೇ ಮರ. ಬಕ್ಕೆಯ ಚೇಗು, ಅಂದರೆ ಮರದ ಒಳತಿರುಳು, ಬಿಗಿ; ಕೋಲು ಬಿದ್ದರೆ ಕೂಗುತ್ತದೆ. ಅಂಬಲಿ ಒಣಗುವ ಮೊದಲೇ ಬಾಯಿ ಬಿಡುತ್ತದೆ. ನಿಂತ ಮರದಲ್ಲಿ ಇದು ಹೊರಗಿನಿಂದ ಕಾಣದು. ತಿಂದೇ ತಿಳಿಯಬೇಕು.

ಹಾಗೆ ತಿಂದು ತಿಳಿಯುವುದರಲ್ಲಿ ಕಂಡಮುತ್ತನ್ ಹೆಸರುವಾಸಿಯಾಗಿದ್ದ. ಸೊಂಟದಲ್ಲಿ ಪುಟ್ಟ ಕತ್ತಿ, ಹೆಗಲ ಮೇಲೆ ತೋರ್ತು ಟವಲು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಲಸಿನ ಕಾಲದಲ್ಲಿ ಮನೆಮನೆ ತಿರುಗುತ್ತಿದ್ದ. ಒಂದು ತೊಳೆ ಬಾಯಿಗಿಟ್ಟು ಕಣ್ಣು ಮುಚ್ಚಿ, ಮರದ ವಯಸ್ಸು, ಚೇಗಿನ ಅಗಲ, ಎಷ್ಟು ಒಡಲು ಬರುತ್ತದೆ ಎಂದು ಹೇಳುತ್ತಿದ್ದ. ಮರದ ವ್ಯಾಪಾರಿಗಳೂ ಅವನ ಮಾತಿಗೆ ಕಾಯುತ್ತಿದ್ದರು. ಹಿರಿಯನೆಂಬ ಗೌರವಕ್ಕೆ ಊರೆಲ್ಲ ಅವನನ್ನು ಮೂಪ್ಪರು ಎಂದು ಕರೆಯುತ್ತಿತ್ತು. 'ಮೂಪ್ಪರು ಬಕ್ಕೆ ಅಂದ್ರು' ಎಂದರೆ ಬೆಲೆ ಇಪ್ಪತ್ತು ಸಾವಿರ ದಾಟುತ್ತಿತ್ತು, 'ಅಂಬಲಿ ಅಂದ್ರು' ಎಂದರೆ ಸೌದೆಯ ಬೆಲೆ.

ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವನ ಎಡಗಾಲಿನ ಎರಡು ಬೆರಳು ತಿಂದಿತು. ಇನ್ನು ಹಲಸು ತಿಂದರೆ ಕಾಲೇ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದರು. ಅಂದಿನಿಂದ ತಿನ್ನುವುದು ಶೋಭನಾ, ಹೇಳುವುದು ಮಾವ. ಅವಳು ಹೆಂಗಸರ ಸ್ವಸಹಾಯ ಸಂಘದ ವಾರದ ಉಳಿತಾಯ ಎತ್ತಲು ಮನೆಮನೆಗೆ ಹೋಗುವವಳು. ಯಾರ ಹಿತ್ತಲಲ್ಲಿ ಯಾವ ಮರ, ಯಾವ ಮರದ ಹಣ್ಣು ಯಾರ ಮನೆಗೆ ಹೋಗುತ್ತದೆ ಎಲ್ಲ ಗೊತ್ತು. ತೊಳೆ ತಿಂದು ಬಂದು ಮಾವನ ಪಕ್ಕ ಕೂತು ವರದಿ ಒಪ್ಪಿಸುತ್ತಿದ್ದಳು: ಹಲ್ಲಿಗೆ ಹೇಗಿತ್ತು, ಬೀಜದ ಸಿಪ್ಪೆ ಹೇಗೆ ಬಿಟ್ಟಿತು, ಮೇಣ ಎಷ್ಟು. ಅವನು ಮಾರನೆಯ ದಿನ ಕೋಲೂರಿಕೊಂಡು ಹೋಗಿ ಮರದ ಬುಡ ತಟ್ಟಿ ಗಂಭೀರವಾಗಿ ತೀರ್ಪು ಕೊಡುತ್ತಿದ್ದ. ಈ ಗುಟ್ಟು ಮಾವ ಸೊಸೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸುಗತನ್‌ಗೂ ಇಲ್ಲ. ಅಪ್ಪ ಕದ್ದು ತಿನ್ನುತ್ತಾನೆ ಎಂದೇ ಅವನು ಆಗಾಗ ಜಗಳ ತೆಗೆಯುತ್ತಿದ್ದ.

"ಈ ಸಲ ಡಿಪೋ ಬೇಡ" ಎಂದಳು ಶೋಭನಾ. "ನಮ್ಮ ಸುತ್ತಲೇ ಹುಡುಕೋಣ."

"ಸುತ್ತ ಎಲ್ಲಿದೆ ಮರ?" ಎಂದ ಸುಗತನ್. " ಎಲ್ಲ ಕಡಿದು ರಬ್ಬರು ಹಾಕಿದ್ದಾರೆ."

"ನಿಮಗೆ ಮರ ಅಂದ್ರೆ ರಸ್ತೆಯಿಂದ ಕಾಣೋದು ಮಾತ್ರ. ಹಿತ್ತಲಿಗೆ ಹೋಗೋರಿಗೆ ಗೊತ್ತು."

"ಹಾಗಾದ್ರೆ ಹೋಗಮ್ಮ. ಚೆಂಡೆಯ ಕೋಲೂ ನೀನೇ ಹಿಡಿ, ನಾನು ಗಂಜಿ ಬೇಯಿಸ್ತೀನಿ."

"ಬೇಯಿಸಿ ನೋಡೋಣ. ನಿಮ್ಮ ಗಂಜೀನೂ ಬಿರಿಯುತ್ತೆ" ಎಂದಳು ಅನಘಾ.

ಮೇ ತಿಂಗಳು ಪೂರ್ತಿ ಶೋಭನಾ ಹಲಸು ತಿಂದಳು. ಹಸಿದು ಹಲಸು, ಉಂಡು ಮಾವು ಎನ್ನುವುದು ಅವಳ ಪಾಲಿಗೆ ನೌಕರಿಯ ನಿಯಮವಾಯಿತು. ಬೆಳಿಗ್ಗೆ ಒಂದು ಲೋಟ ಹಾಲಿಲ್ಲದ ಕಟ್ಟನ್ ಚಹಾ ಕುಡಿದು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಐದಾರು ಮನೆ. ಮನೆಗೆ ಕೊಟ್ಟು ಕಳಿಸಿದ ತುಂಡುಗಳಿಂದ ಅಡುಗೆಮನೆ ತುಂಬಿತು. ಎಳೆಕಾಯಿಯ ಪಲ್ಯ, ಬಲಿತದ್ದನ್ನು ಬೇಯಿಸಿ ಕಲಸಿದ ಪುಳುಕ್ಕು, ಬೀಜಕ್ಕೆ ಒಣಮೀನು ಸೇರಿಸಿ ಸಾರು. ಹತ್ತನೆಯ ದಿನ ಸುಗತನ್ ತಟ್ಟೆ ತಳ್ಳಿದ.

"ಈ ಮನೇಲಿ ಬೇರೆ ಏನಾದರೂ ಬೇಯುತ್ತಾ?"

"ಮರ ಸಿಗೋ ತನಕ ಇದೇ" ಎಂದ ಅಪ್ಪ, ತನ್ನ ರಾಗಿ ಗಂಜಿ ಕಲಕುತ್ತ ಮಗನ ತಟ್ಟೆಯನ್ನು ಅಸೂಯೆಯಿಂದ ನೋಡುತ್ತ. "ನನಗೆ ಅದೂ ಇಲ್ಲ. ಸುಮ್ಮನೆ ತಿನ್ನು."

ಹದಿನಾಲ್ಕು ಮರ ನೋಡಿದ್ದರಲ್ಲಿ ಹನ್ನೊಂದು ಅಂಬಲಿ. ಒಂದು ಬಕ್ಕೆ, ಆದರೆ ಬುಡ ಟೊಳ್ಳು. ಒಂದು ಒಳ್ಳೆಯದು ಪೋಸ್ಟ್‌ಮ್ಯಾನ್ ಶಂಕುಣ್ಣಿಯ ಹಿತ್ತಲಲ್ಲಿ ಸಿಕ್ಕಿತು. ಅದನ್ನು ಕೊಂಡು ಕಡಿಸಿದರು. ನಾಲ್ಕು ಒಡಲು ಬಂತು, ನಾಲ್ಕೂ ಬಿರಿಯದೆ ನಿಂತವು. ಇನ್ನು ನಾಲ್ಕು ಬೇಕು. ಉಳಿದದ್ದು ಹದಿನಾಲ್ಕನೆಯ ಮರ, ಐಸುಮ್ಮನದು.

ಐಸುಮ್ಮ ಕಾಲುವೆಯ ಆಚೆಯ ಓಣಿಯಲ್ಲಿ ಒಬ್ಬಳೇ ಇರುವ ಅರವತ್ತೆರಡರ ಹೆಂಗಸು. ಗಂಡ ಸತ್ತು ಹದಿಮೂರು ವರ್ಷ, ಮಗ ನೌಫಲ್ ಪಾಲಕ್ಕಾಡಿನ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡು ಅಲ್ಲೇ ಸಂಸಾರ ಮಾಡಿದ್ದ. ಶೋಭನಾ ಮದುವೆಯಾಗಿ ಬಂದ ಹೊಸದರಲ್ಲಿ, ಅನಘಾ ಹುಟ್ಟಿ ಹಾಲು ಬತ್ತಿದಾಗ, ತಿಂಗಳುಗಟ್ಟಲೆ ಆಡಿನ ಹಾಲು ತಂದು ಕೊಟ್ಟವಳು ಅವಳೇ. ಶೋಭನಾ ಅವಳನ್ನು ಇತ್ತಾ, ಅಂದರೆ ಅಕ್ಕಾ, ಎಂದು ಕರೆಯುತ್ತಿದ್ದಳು. ಒಡಹುಟ್ಟಿದ ಅಕ್ಕನನ್ನೂ ಅಷ್ಟು ಬಾಯಿತುಂಬ ಕರೆದವಳಲ್ಲ.

ಮರ ಅವಳ ಅಡುಗೆಮನೆಯ ಹಿಂದೆಯೇ ಇತ್ತು. ಇಬ್ಬರು ಕೈ ಚಾಚಿ ತಬ್ಬಿದರೂ ಬೆರಳು ಮುಟ್ಟದಷ್ಟು ದಪ್ಪ. ಐಸುಮ್ಮ ಹಣ್ಣು ಸೀಳಿ ತೊಳೆ ಬಿಡಿಸಿ ತಟ್ಟೆಯಲ್ಲಿಟ್ಟಳು.

"ತಿನ್ನು. ನಿಮ್ಮ ಮೂಪ್ಪರಿಗೂ ಕೊಡೋಣ ಅಂದ್ರೆ ಸಕ್ಕರೆ ಅಂತಾರಪ್ಪ."

ಶೋಭನಾ ಒಂದು ತೊಳೆ ಕಚ್ಚಿದಳು. ಕಚ್ಚಿದ ಕೂಡಲೇ ಅವಳಿಗೆ ದುಃಖವಾಯಿತು. ಅಷ್ಟು ಬಿಗಿಯಾದ, ಅಷ್ಟು ಒಣ ಸಿಹಿಯ ತೊಳೆಯನ್ನು ಅವಳು ಆ ವರ್ಷ ತಿಂದಿರಲಿಲ್ಲ, ಯಾವ ವರ್ಷವೂ ತಿಂದಿರಲಿಲ್ಲ.

"ಹೇಗಿದೆ?"

"ಚೆನ್ನಾಗಿದೆ ಇತ್ತಾ."

"ಅಷ್ಟೇನಾ? ಹದಿಮೂರು ಮನೆ ತಿಂದು ಬಾಯಿ ಸತ್ತಿರಬೇಕು ನಿಂದು."

ಮರದ ಕೆಳಗೆ ಆಡು ಕಟ್ಟಿತ್ತು, ಒಗೆದ ಬಟ್ಟೆ ಹರವಿತ್ತು, ಐಸುಮ್ಮ ನಮಾಜು ಮುಗಿಸಿ ಬಂದು ಕೂರುವ ಮುರುಕು ಕುರ್ಚಿ ಇತ್ತು. ಇದನ್ನು ಕೊಡಿ ಎಂದು ಹೇಗೆ ಕೇಳುವುದು? ಕೇಳಿದರೆ ಇತ್ತಾ ಇಲ್ಲ ಎನ್ನುವವಳಲ್ಲ. ಆಡಿನ ಹಾಲು ಕೊಟ್ಟ ಹಾಗೆಯೇ ಕೊಟ್ಟುಬಿಡುತ್ತಾಳೆ, ಆಮೇಲೆ ಒಬ್ಬಳೇ ಕೂತು ಅಳುತ್ತಾಳೆ. ಮನೆಗೆ ಬರುವ ದಾರಿಯುದ್ದಕ್ಕೂ ಶೋಭನಾ ಇದನ್ನೇ ಯೋಚಿಸಿದಳು.

ಮಾವ ಜಗಲಿಯ ಮೇಲೆ ಕಾಯುತ್ತಿದ್ದ. "ಏನಾಯ್ತು?"

"ಅಂಬಲಿ ಮಾವ."

"ಐಸುಮ್ಮನದಾ?"

"ಹೂಂ. ಬಾಯಲ್ಲಿಟ್ಟರೆ ಜಾರುತ್ತೆ."

ಅವನು ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ಅನುಮಾನದಿಂದಲ್ಲ, ನಿರಾಸೆಯಿಂದ. "ಹೋಗಲಿ. ಅಷ್ಟು ದಪ್ಪ ಮರ ಸುಮ್ಮನೆ ನಿಂತಿದೆ ಪಾಪ" ಎಂದ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಹಲಸು ನೀರು ಕುಡಿದು ಸಪ್ಪೆಯಾಗಿ ನೆಲಕ್ಕೆ ಬಿದ್ದು ಕೊಳೆಯಿತು. ಇನ್ನು ಹನ್ನೊಂದು ತಿಂಗಳು ಯಾವ ಮರ ಯಾವ ಜಾತಿ ಎಂದು ತಿಂದು ಹೇಳುವ ಹಾಗಿಲ್ಲ. ಸುಗತನ್ ಉಳಿದ ನಾಲ್ಕು ಚೆಂಡೆಯನ್ನು ಮೂರನೆಯ ಮನೆಯ ದಾಯಾದಿಗೆ ಬಿಟ್ಟುಕೊಡುವ ಮಾತಾಡತೊಡಗಿದ. ಬಿಟ್ಟುಕೊಟ್ಟರೆ ಮುಂದಿನ ವರ್ಷ ಆ ಮೇಳ ನೇರ ಅವನ ಮನೆಗೇ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಶೋಭನಾ ತಲೆ ಬಗ್ಗಿಸಿ ಮರಗೆಣಸು ಸುಲಿಯುತ್ತಿದ್ದಳು.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಐಸುಮ್ಮ ಕೊಡೆ ಮಡಚುತ್ತ ಅಡುಗೆಮನೆಯ ಬಾಗಿಲಿಗೇ ಬಂದಳು.

"ಶೋಭೇ, ನಿನ್ನತ್ರ ಒಂದು ಮಾತು. ನಾನು ಉಮ್ರಾಕ್ಕೆ ಹೋಗ್ತಿದ್ದೀನಿ."

"ಮಕ್ಕಾಕ್ಕಾ? ಯಾರ ಜೊತೆ?"

"ಮಸೀದಿ ಓಣಿಯ ಹೆಂಗಸರು ಎಂಟು ಜನ. ನೌಫಲ್ ದುಡ್ಡು ಕೊಡ್ತೀನಿ ಅಂದ. ಬೇಡ ಅಂದೆ. ಅವನ ದುಡ್ಡಲ್ಲಿ ಹೋದ್ರೆ ಅವನ ಹೆಂಡತಿ ಸಾಯೋ ತನಕ ಹೇಳ್ತಾಳೆ. ಆಡು ಮಾರಿದೆ, ಚೀಟಿ ಎತ್ತಿದೆ. ಉಳಿದದ್ದಕ್ಕೆ ಹಲಸು ಕೊಡೋಣ ಅಂತ ಹೋದ ವರ್ಷವೇ ಲೆಕ್ಕ ಹಾಕಿ ಇಟ್ಟಿದ್ದೆ."

ಶೋಭನಾಳ ಕೈಯಲ್ಲಿದ್ದ, ಅಕ್ಕಿಹಿಟ್ಟಿನ ಪುಟ್ಟು ತುಂಬಿದ ಕೊಳವೆ ಒಲೆಯ ಮೇಲೆ ಕೂರಲಿಲ್ಲ. "ಹಲಸು ಕೊಡ್ತೀರಾ?"

"ಮತ್ತೆ? ಅದರ ಬೇರು ನನ್ನ ಅಡುಗೆಮನೆ ಗೋಡೆ ಎತ್ತಿದೆ, ನೀನು ನೋಡಿಲ್ವಾ? ಎಲೆ ಗುಡಿಸಿ ಗುಡಿಸಿ ನನ್ನ ಸೊಂಟ ಹೋಯ್ತು. ನಿನ್ನೆ ಲಾಸರ್ ಬಂದಿದ್ದ." ಲಾಸರ್ ಎಂದರೆ ಆ ಸುತ್ತಿನ ಮರದ ವ್ಯಾಪಾರಿ. "ಒಂಬತ್ತು ಸಾವಿರ ಅಂತಾನೆ. ಯಾಕಪ್ಪಾ ಅಂದ್ರೆ, ಮೂಪ್ಪರು ಚಹಾ ಅಂಗಡೀಲಿ ಹೇಳಿದಾರೆ, ನಿಂದು ಅಂಬಲಿ ಅಂತ ಅಂದ. ನಾನು ಹುಟ್ಟಿ ಬೆಳೆದು ಅದರ ಹಣ್ಣು ತಿಂದಿದ್ದೀನಿ ಕಣೋ ಅಂದೆ. ನೀವು ಹೆತ್ತ ಮಗೂನ ನೀವು ಕುರೂಪಿ ಅಂತೀರಾ ಅಂತ ನಗ್ತಾನೆ."

"ಇತ್ತಾ..."

"ನನಗೊಂದು ಅರ್ಥ ಆಗ್ಲಿಲ್ಲ. ಹಣ್ಣು ನಾನು ಕೊಟ್ಟದ್ದು ನಿನಗೆ. ಮೂಪ್ಪರು ಯಾವಾಗ ತಿಂದರು?"

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಶೋಭನಾ ಕೊಳವೆಯನ್ನು ಕೂರಿಸಿ, ಮುಚ್ಚಳ ಹುಡುಕುವ ನೆಪದಲ್ಲಿ ತಿರುಗಿದಳು. "ಮಾವನ್ನ ಕೇಳಿ ಹೇಳ್ತೀನಿ ಇತ್ತಾ" ಎಂದಳು. ಐಸುಮ್ಮ ಇನ್ನೂ ಒಂದು ಕ್ಷಣ ನಿಂತು, ಪುಟ್ಟು ತಿನ್ನದೆಯೇ ಕೊಡೆ ಬಿಚ್ಚಿ ಹೋದಳು. ಹಾಗೆ ತಿನ್ನದೆ ಹೋದದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಸಂಜೆ ಮಾವ ಜಗಲಿಯಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಶೋಭನಾ ಹತ್ತಿರ ಹೋಗಿ ನೆಲದ ಮೇಲೆ ಕೂತಳು.

"ಮಾವಾ, ಐಸುಮ್ಮಿತ್ತಾನ ಮರ ಅಂಬಲಿ ಅಲ್ಲ. ಸುಳ್ಳು ಹೇಳಿದೆ."

ಅವನ ಕೈ ನಿಂತಿತು. "ಯಾಕೆ?"

"ಕಡಿದ್ರೆ ಅವರು ಅಳ್ತಾರೆ ಅಂತ."

"ಅವಳು ಹೇಳಿದ್ಲಾ ಅಳ್ತೀನಿ ಅಂತ?"

"ಇಲ್ಲ."

"ಕೇಳಿದ್ಯಾ?"

"ಇಲ್ಲ ಮಾವ."

ಅವನು ಕೈಯ ಎಣ್ಣೆಯನ್ನು ಪಂಚೆಗೆ ಒರೆಸಿಕೊಂಡ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. "ನಾನು ಚಹಾ ಅಂಗಡೀಲಿ ಹೇಳಿದೆನಲ್ಲ, ಹತ್ತು ಜನರ ಮುಂದೆ" ಎಂದ. ಆ ರಾತ್ರಿ ಗಂಜಿ ಬೇಡ ಎಂದ.

ಮಾರನೆಯ ಬೆಳಿಗ್ಗೆ ಅವನು ಬಿಳಿ ಅಂಗಿ ಹಾಕಿಕೊಂಡು, ಮಳೆಯಲ್ಲೇ ಕೋಲೂರಿಕೊಂಡು ಚಹಾ ಅಂಗಡಿಗೆ ಹೋದ. ಅಲ್ಲಿ ನಡೆದದ್ದನ್ನು ಅನಘಾ ಹಾಲು ತರಲು ಹೋದಾಗ ನೋಡಿ ಬಂದು ಹೇಳಿದಳು.

"ಅಜ್ಜ ಎಲ್ಲರ ಮುಂದೆ ಲಾಸರ್‌ಗೆ ಹೇಳಿದ್ರು, ನನ್ನ ನಾಲಿಗೆ ತಪ್ಪಿತು, ಮಳೆನೀರು ಕುಡಿದ ಹಣ್ಣು ತಿಂದು ಹೇಳಿಬಿಟ್ಟೆ, ಆ ಮರ ಬಕ್ಕೆ ಅಂತ. ಲಾಸರ್ ನಕ್ಕ. ಮೊದಲ ಸಲ ತಪ್ಪಿದ ನಾಲಿಗೆ ಎರಡನೇ ಸಲ ಸರಿ ಅಂತ ನಾನು ಹೇಗೆ ನಂಬಲಿ ಮೂಪ್ಪರೇ ಅಂದ. ಒಂಬತ್ತಕ್ಕೆ ಒಂದು ಕಾಸು ಮೇಲೆ ಕೊಡಲ್ಲ ಅಂದ."

ಸುಗತನ್ ಪುಟ್ಟು ಕಡಲೆ ತಿನ್ನುತ್ತಿದ್ದವನು ಸಿಡಿದ. "ಮಳೆ ಹಣ್ಣು ತಿಂದು ಮರ ಹೇಳ್ತಾರಾ ಯಾರಾದ್ರೂ? ಈ ಬೀದಿಯ ಕೂಸೂ ಹೇಳಲ್ಲ!"

ಕಂಡಮುತ್ತನ್ ಆಗಷ್ಟೇ ಒಳಗೆ ಬಂದು ತೋರ್ತಿನಿಂದ ತಲೆ ಒರೆಸಿಕೊಳ್ಳುತ್ತಿದ್ದ. "ತಪ್ಪಾಯ್ತು. ಈಗ ಆ ಮರ ನಾವು ಕೊಳ್ಳೋಣ. ಇಪ್ಪತ್ತೆರಡು ಸಾವಿರ. ಬಕ್ಕೆಯ ಬೆಲೆ."

"ನಿನಗೆ ತಲೆ ನೆಟ್ಟಗಿದೆಯಾ ಅಪ್ಪಾ? ಲಾಸರ್ ಒಂಬತ್ತು ಅಂತಾನೆ, ನಾವು ಹತ್ತು ಕೊಟ್ರೂ ಅವರಿಗೆ ಲಾಭ."

"ಅವಳ ಮರದ ಬೆಲೆ ಇಳಿದದ್ದು ಈ ಮನೆಯ ಮಾತಿನಿಂದ. ಏರಿಸೋದೂ ಈ ಮನೆಯೇ."

"ಈ ಮನೆಯ ಮಾತಲ್ಲ, ನಿನ್ನ ಮಾತು! ಕದ್ದು ಹಲಸು ತಿನ್ನೋದು ನೀನು, ನಾಲಿಗೆ ಕೆಡಿಸಿಕೊಳ್ಳೋದು ನೀನು, ಹನ್ನೆರಡು ಸಾವಿರ ಜಾಸ್ತಿ ಕೊಡೋದು ನಾನು. ಕಾಲು ಹೋಗುತ್ತೆ ಅಂದ್ರೂ ಬಿಡಲಿಲ್ಲ ನೀನು. ಕಾಲಿಗಿಂತ ಮೊದಲು ಮರ್ಯಾದೆ ಹೋಯ್ತು."

ಶೋಭನಾ ಗಂಡನ ತಟ್ಟೆಗೆ ಕಡಲೆ ಬಡಿಸುತ್ತ ನಿಂತಿದ್ದಳು. ಬಾಯಿ ತೆರೆದಳು. ಮಾವ ಅವಳ ಕಡೆ ನೋಡಿ ತಲೆಯನ್ನು ಸ್ವಲ್ಪವೇ ಅಡ್ಡ ಆಡಿಸಿದ. ಅವಳು ಬಾಯಿ ಮುಚ್ಚಿದಳು. ಮುಚ್ಚಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು, ಜೊತೆಗೆ ಒಂದಿಷ್ಟು ಸಮಾಧಾನವೂ ಆಯಿತು. ಆ ಸಮಾಧಾನವೇ ಹೆಚ್ಚು ಚುಚ್ಚಿತು.

ಆಮೇಲೆ ಬಾವಿಕಟ್ಟೆಯ ಹತ್ತಿರ ಕೇಳಿದಳು. "ಯಾಕೆ ತಡೆದ್ರಿ ಮಾವ?"

"ಮೂರು ವರ್ಷದಿಂದ ನಿನ್ನ ನಾಲಿಗೆಯ ಹೊಗಳಿಕೆ ಪೂರ್ತಿ ನಾನು ತಿಂದೆ. ಬೈಗುಳ ಮಾತ್ರ ನಿನಗಾ? ಅದು ಯಾವ ನ್ಯಾಯ?" ಎಂದು ಕೊಡಕ್ಕೆ ಹಗ್ಗ ಬಿಗಿದ.

ಸುಗತನ್ ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟ. ನಾಲ್ಕನೆಯ ದಿನ ಸಹಕಾರಿ ಬ್ಯಾಂಕಿಗೆ ಹೋಗಿ, ಅನಘಾಳ ಹೆಸರಿನ ಠೇವಣಿ ಮುರಿಸಿ, ಇಪ್ಪತ್ತೆರಡು ಸಾವಿರ ಐಸುಮ್ಮನ ಕೈಗೆ ಕೊಟ್ಟು ಬಂದ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಉರಿ. ಐಸುಮ್ಮ ದುಡ್ಡು ಎಣಿಸಿಕೊಂಡಳು. ಶೋಭನಾ ಹೇಗಿದ್ದಾಳೆ ಎಂದು ಕೇಳಲಿಲ್ಲವಂತೆ.

ಮರ ಕಡಿಯಲು ಕೃಷ್ಣಪಕ್ಷ ಬರಬೇಕು. ಹುಣ್ಣಿಮೆಯ ಕಡೆಗೆ ಕಡಿದ ಮರಕ್ಕೆ ಹುಳು ಬೀಳುತ್ತದೆ. ಕಾಯಬೇಕಾದ ಆ ಹನ್ನೆರಡು ದಿನಗಳಲ್ಲಿ ಓಣಿ ತನ್ನ ಕೆಲಸ ಮಾಡಿತು. ಸಂಘದ ಉಳಿತಾಯ ಎತ್ತಲು ಹೋದ ಮನೆಗಳಲ್ಲೆಲ್ಲ ಶೋಭನಾಳಿಗೆ ಅದೇ ಮಾತು.

"ಮೂಪ್ಪರಿಗೆ ವಯಸ್ಸಾಯ್ತಲ್ವಾ ಪಾಪ."

"ನಮ್ಮ ಮರಾನೂ ಅಂಬಲಿ ಅಂದಿದ್ರು. ಅದೂ ಬಕ್ಕೆಯೇ ಇರಬೇಕು ಹಾಗಾದ್ರೆ. ಆರು ಸಾವಿರಕ್ಕೆ ಕೊಟ್ಟುಬಿಟ್ವಿ."

ಶಂಕುಣ್ಣಿಯ ಹೆಂಡತಿಯಂತೂ, "ಶೋಭೇ, ಅವರ ಕಣ್ಣೂ ತೋರಿಸು ಡಾಕ್ಟರಿಗೆ" ಎಂದಳು. ಜಗಲಿಯ ಮೇಲೆ ಕಂಡಮುತ್ತನ್ ಮುಂಚಿನ ಹಾಗೆಯೇ ಕೂರುತ್ತಿದ್ದ. ಆದರೆ ದಾರಿಯಲ್ಲಿ ಹೋಗುವವರು ಮರದ ಮಾತು ಕೇಳುತ್ತಿರಲಿಲ್ಲ, ಕಾಲು ಹೇಗಿದೆ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಅವನು ಬೆಳಗಿನ ಚಹಾಕ್ಕೆ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ. ಮನೆಯ ಚಹಾಕ್ಕೇನು ಕಡಿಮೆ ಎಂದು ತಾನೇ ಹೇಳಿಕೊಂಡ.

ಕಡಿಯುವ ಹಿಂದಿನ ಸಂಜೆ ಅವನು ಐಸುಮ್ಮನ ಹಿತ್ತಲಿಗೆ ಹೋಗಿ ಮರದ ಬುಡದಲ್ಲಿ ಒಂದು ಹಣತೆ ಇಟ್ಟ. ತಲೆಮಾರುಗಳಿಂದ ಬಂದ ರೂಢಿ. ಕೈಮುಗಿದು, "ಇಲ್ಲಿ ವಾಸ ಇರೋರೆಲ್ಲ, ಕಣ್ಣಿಗೆ ಕಾಣೋರು ಕಾಣದೋರು, ನಾಳೆ ಬೇರೆ ಮನೆ ನೋಡ್ಕೊಳ್ಳಿ. ನಮಗೆ ಅನ್ನಕ್ಕೆ ಬೇಕಾಗಿದೆ" ಎಂದ. ಐಸುಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಪಕ್ಕದಲ್ಲೇ ನಿಂತಿದ್ದಳು. "ಅಳಿಲುಗಳಿಗೆ ನಾನು ಬೆಳಿಗ್ಗೆಯೇ ಹೇಳಿದ್ದೀನಿ ಮೂಪ್ಪರೇ" ಎಂದಳು.

ಮಾರನೆಯ ದಿನ ಮಳೆ ಬಿಟ್ಟಿತ್ತು. ಗರಗಸದವರು, ಹಗ್ಗದವರು, ಬೀದಿಯ ಹನ್ನೊಂದು ಮನೆಯ ಗಂಡಸರು, ಓಣಿಯ ಹೆಂಗಸರು, ಎಲ್ಲರೂ ಬಂದಿದ್ದರು. ಲಾಸರ್ ಕೂಡ ಬೈಕು ನಿಲ್ಲಿಸಿ ಬೇಲಿಗೊರಗಿದ್ದ. ಮೂಪ್ಪರ ಎರಡು ಮಾತಿನಲ್ಲಿ ಯಾವುದು ನಿಜ ಎಂದು ನೋಡುವ ಕುತೂಹಲ ಎಲ್ಲರಿಗೂ. ಸುಗತನ್ ಯಾರ ಮುಖವನ್ನೂ ನೋಡದೆ ಹಗ್ಗ ಬಿಗಿಯುತ್ತಿದ್ದ. ಮಗಳ ಠೇವಣಿ ಆ ಮರದೊಳಗಿತ್ತು.

ಹನ್ನೊಂದು ಗಂಟೆಗೆ ಮರ ಬಿತ್ತು. ಗರಗಸ ಬುಡದಿಂದ ಮೊದಲ ತುಂಡು ಬೇರೆ ಮಾಡಿತು. ಅಂಚಿನಲ್ಲಿ ಎರಡು ಬೆರಳಗಲ ಬಿಳಿ. ಉಳಿದದ್ದೆಲ್ಲ ಅರೆದ ಅರಿಶಿನದಂಥ ಚೇಗು, ಎಲ್ಲೂ ಒಂದು ಕೂದಲಿನಷ್ಟು ಬಿರುಕಿಲ್ಲ. ಸುಗತನ್ ಮಂಡಿಯೂರಿ ಅದರ ಮೇಲೆ ಕೈಯಿಟ್ಟು, "ಆರು ಒಡಲು. ಆರು ಬರುತ್ತಪ್ಪಾ" ಎಂದ. ಹದಿನಾರು ದಿನಗಳ ನಂತರ ಅಪ್ಪಾ ಎಂದು ಕರೆದದ್ದು ಅವನಿಗೇ ಗೊತ್ತಾಗಲಿಲ್ಲ.

ಬೇಲಿಯ ಕಡೆಯಿಂದ ಲಾಸರ್ ಚಪ್ಪಾಳೆ ತಟ್ಟಿದ. "ಕೊನೆಗೂ ಬಕ್ಕೆಯೇ ಆಯ್ತು. ಆದರೂ ಮೂಪ್ಪರೇ, ಇಂಥ ಮರಾನ ಅಂಬಲಿ ಅಂದ್ರಲ್ಲ! ಇನ್ನು ಸಾಕು, ವಿಶ್ರಾಂತಿ ತಗೊಳ್ಳಿ. ಹಲ್ಲಿಲ್ಲದ ಬಾಯಿಗೆ ಎಲ್ಲ ಹಣ್ಣೂ ಅಂಬಲಿಯೇ."

ಗಂಡಸರು ನಕ್ಕರು. ಕಂಡಮುತ್ತನ್ ಕೂಡ ನಕ್ಕ. ಆ ನಗು ನೋಡಿ ಶೋಭನಾಳಿಗೆ ತಡೆಯಲಾಗಲಿಲ್ಲ.

"ಮಾವ ಆ ಹಣ್ಣು ತಿಂದೇ ಇಲ್ಲ" ಎಂದಳು.

ಎಲ್ಲರೂ ತಿರುಗಿದರು. ಮಾವ ಕೋಲೆತ್ತಿ, "ಸುಮ್ಮನಿರಮ್ಮ" ಎಂದ.

"ಸುಮ್ಮನಿರಲ್ಲ ಮಾವ. ತಿಂದದ್ದು ನಾನು. ಬಕ್ಕೆ ಅಂತ ಗೊತ್ತಿತ್ತು. ಗೊತ್ತಿದ್ದೂ ಅಂಬಲಿ ಅಂತ ಇವರಿಗೆ ಸುಳ್ಳು ಹೇಳಿದೆ. ಇವರು ನನ್ನ ನಂಬಿ ನಿಮಗೆ ಹೇಳಿದ್ರು. ತಪ್ಪಿದ್ದು ಇವರ ನಾಲಿಗೆ ಅಲ್ಲ."

ಸುಗತನ್ ಹಗ್ಗ ಹಿಡಿದೇ ಎದ್ದು ನಿಂತ. "ನೀನಾ? ಅಪ್ಪ ಕದ್ದು ತಿನ್ನಲಿಲ್ವಾ?"

"ಮೂರು ವರ್ಷದಿಂದ ಒಂದು ತೊಳೆ ಮುಟ್ಟಿಲ್ಲ ಅವರು."

ಲಾಸರ್ ಬೇಲಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. ಲೆಕ್ಕ ಇತ್ತು. "ತಡಿ ತಡಿ. ಹಾಗಾದ್ರೆ ಮೂರು ವರ್ಷದಿಂದ ನಾನು ಕೊಂಡ ಮರಗಳು, ಒಂದೂ ಕೆಡಲಿಲ್ಲವಲ್ಲ, ಅದೆಲ್ಲ ಯಾರು ಹೇಳಿದ್ದು?"

"ನಾನೇ."

ಅನಘಾ ಬಾಯಿಗೆ ಕೈ ಅಡ್ಡ ಹಿಡಿದು ಅಜ್ಜನ ಕಡೆ ನೋಡಿದಳು. ಅಜ್ಜ ಆಕಾಶ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು.

ಶೋಭನಾ ಜನರನ್ನು ದಾಟಿ ಐಸುಮ್ಮನ ಹತ್ತಿರ ಹೋದಳು. ಕಾಲಿಗೆ ಬೀಳಬೇಕೋ ಕೈ ಹಿಡಿಯಬೇಕೋ ತಿಳಿಯದೆ ಸುಮ್ಮನೆ ಮುಂದೆ ನಿಂತಳು. "ಮರ ಹೋದ್ರೆ ನೀವು ಅಳ್ತೀರಿ ಅಂತ ಹಾಗೆ ಮಾಡಿದೆ ಇತ್ತಾ" ಎಂದಳು. ಹೇಳುತ್ತ ತಾನೇ ಅತ್ತಳು.

"ನೋಡು, ಅಳ್ತಿರೋದು ಯಾರು?" ಎಂದಳು ಐಸುಮ್ಮ. "ನನ್ನ ಮರದ ಮೇಲೆ ನನಗಿಲ್ಲದ ಕನಿಕರ ನಿನಗೆ. ಒಂಟಿ ಮುದುಕಿ, ಮರ ತಬ್ಬಿಕೊಂಡು ಕೂತಿರ್ತಾಳೆ ಅಂದ್ಕೊಂಡ್ಯಾ? ಈ ಮರ ಮಕ್ಕಾಕ್ಕೆ ಟಿಕೆಟ್ಟು ಅಂತ ನಾನು ಅದಕ್ಕೆ ನೀರು ಹಾಕ್ತಿದ್ದೆ. ನಿನ್ನ ಒಂದು ಮಾತಿಗೆ ಒಂದು ವಾರ ನಾನು ನಿದ್ದೆ ಮಾಡಿಲ್ಲ ಶೋಭೇ. ಹೋಗೋದೇ ಇಲ್ವೇನೋ ಅಂತ."

"ತಪ್ಪಾಯ್ತು ಇತ್ತಾ."

"ಅವತ್ತು ನಾನು ನಿನ್ನ ಏನು ಕೇಳಿದೆ? ಮರ ಕಡೀಲಾ ಬಿಡಲಾ ಅಂತ ಕೇಳಿದ್ನಾ? ಹಣ್ಣು ಹೇಗಿದೆ ಅಂತ ಕೇಳಿದೆ. ಅಷ್ಟೇ."

ಶೋಭನಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ ಹೇಳು" ಎಂದಳು ಐಸುಮ್ಮ. "ಹೇಗಿತ್ತು?"

"ಬಕ್ಕೆ ಇತ್ತಾ. ಹಲ್ಲಿಗೆ ಕಟಕ್ಕನ್ನೋದು. ಬೀಜ ತಾನಾಗಿ ಬಿಟ್ಟುಬರೋದು. ಜೇನಿನ ಹಾಗಲ್ಲ, ಬೆಲ್ಲದ ಹಾಗೆ ಸಿಹಿ. ನಾನು ತಿಂದ ಯಾವ ಮರವೂ ಇದಕ್ಕೆ ಸಮ ಇಲ್ಲ."

"ಜೋರಾಗಿ ಹೇಳು. ಲಾಸರ್‌ಗೆ ಕೇಳಿಸಲಿಲ್ಲ."

ಶೋಭನಾ ಇನ್ನೊಮ್ಮೆ, ಜೋರಾಗಿ ಹೇಳಿದಳು.